ಹಳೇ ಟ್ರಸ್ಟ್ ತಿದ್ದಿಸೋಕೆ 1,500 ಡಾಲರ್ ಕೊಡಬೇಕಾ?

2014ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಲಿವಿಂಗ್ ಟ್ರಸ್ಟ್ (ಬದುಕಿರುವಾಗಲೇ ಆಸ್ತಿಯನ್ನು ಟ್ರಸ್ಟ್ ಹೆಸರಿಗೆ ಹಾಕಿ, ನಮ್ಮ ನಂತರ ಯಾರಿಗೆ ಅಂತ ಬರೆಸಿಡೋ ಏರ್ಪಾಡು) ಮಾಡಿಸಿದಿರಿ. ಆಮೇಲೆ ಮಗಳು ಹುಟ್ಟಿದಳು, ಮನೆ ರೀಫೈನಾನ್ಸ್ ಆಯಿತು, ಅಂದರೆ ಹಳೇ ಸಾಲದ ಬದಲು ಹೊಸ ಸಾಲ ತೆಗೆದಿರಿ. ಈಗ ವಕೀಲರು ತಿದ್ದೋಕೆ 1,500 ಡಾಲರ್ ಕೇಳುತ್ತಿದ್ದಾರೆ, ಬೇಕಾ ಅಂತ ಕೇಳಿದ್ದೀರಿ. ಖಂಡಿತ ಬೇಕು.

ಮೊದಲು ಮನೆಯ ಡೀಡ್ (ಮಾಲೀಕತ್ವದ ಪತ್ರ) ತೆಗೆದು ನೋಡಿ. ನಮ್ಮ ರೀಫೈನಾನ್ಸ್ ಆದಾಗ ಸಾಲ ಕೊಟ್ಟವರು ಮನೆಯನ್ನು ಟ್ರಸ್ಟ್‌ನಿಂದ ಹೊರಗೆ ತೆಗೆಸಿದರು, ವಾಪಸ್ ಸೇರಿಸಲೇ ಇಲ್ಲ. ಮೂರು ವರ್ಷ ನಮಗೆ ಗೊತ್ತೇ ಇರಲಿಲ್ಲ. ಡೀಡ್‌ನಲ್ಲಿ ನಮ್ಮಿಬ್ಬರ ಹೆಸರಿತ್ತು, ಹೆಸರಿನ ಮುಂದೆ 'ಟ್ರಸ್ಟಿ' (ಟ್ರಸ್ಟ್ ನೋಡಿಕೊಳ್ಳುವವರು) ಅನ್ನುವ ಪದ ಇರಲಿಲ್ಲ, ಅಷ್ಟೇ. ಹಾಗೇ ಬಿಟ್ಟಿದ್ದರೆ ನಮ್ಮ ನಂತರ ಮಕ್ಕಳು ತೀರಿಕೊಂಡವರ ಆಸ್ತಿ ಇತ್ಯರ್ಥ ಮಾಡೋ ಪ್ರೊಬೇಟ್ ಕೋರ್ಟಿಗೆ ಅಲೆಯಬೇಕಿತ್ತು. 10 ಲಕ್ಷ ಡಾಲರ್ ಮನೆಗೆ ಇಲ್ಲಿನ ಕಾನೂನಿನ ಲೆಕ್ಕದಲ್ಲಿ ವಕೀಲರ ಫೀಸೇ 23,000 ಡಾಲರ್. ಸಾಲ ಎಷ್ಟೇ ಬಾಕಿ ಇರಲಿ, ಲೆಕ್ಕ ಹಾಕೋದು ಮನೆಯ ಪೂರ್ತಿ ಬೆಲೆ ಮೇಲೆ!

ಬರೀ ಒಂದು ಹೆಸರು ಬದಲಿಸೋದಾದರೆ ಸಣ್ಣ ತಿದ್ದುಪಡಿ ಸಾಕು, ಸಾಮಾನ್ಯವಾಗಿ ಕೆಲವು ನೂರು ಡಾಲರ್‌ಗೆ ಆಗುತ್ತದೆ. ನಿಮ್ಮಲ್ಲಿ ಬದಲಾವಣೆ ಜಾಸ್ತಿ ಇದೆ ಅಲ್ವಾ, ಪೂರ್ತಿ ಹೊಸದಾಗಿ ಬರೆಸೋದೇ ವಾಸಿ. ಹಾಗೆ ಬರೆಸಿದರೂ ಅದೇ ಟ್ರಸ್ಟ್ ಮುಂದುವರಿಯುತ್ತದೆ, ಅದರ ಹಳೇ ಹೆಸರು, ತಾರೀಖು ಹಾಗೇ ಉಳಿಯುತ್ತವೆ. 1,500ರಲ್ಲಿ ಹೊಸ ಡೀಡ್ ಕೂಡ ಸೇರಿದೆಯಾ ಅಂತ ಕೇಳಿ. ಮಗಳ ಗಾರ್ಡಿಯನ್ ಯಾರು ಅನ್ನೋದನ್ನು ಸಾಮಾನ್ಯವಾಗಿ ವಿಲ್‌ನಲ್ಲಿ ಬರೆಸುತ್ತಾರೆ, ಅದನ್ನೂ ಈ ಸಲವೇ ಮುಗಿಸಿಬಿಡಿ.