ರೊಟ್ಟಿಯೋ ಕಲ್ಲೋ?

ಪ್ರಶ್ನೆ: ಟೀಚರ್, ನನ್ನ ಮಗಳು ಹತ್ತನೇ ಕ್ಲಾಸು. ಅಲಂಕಾರದ ಲಕ್ಷಣ ಕೇಳಿದರೆ ಗಡಗಡ ಒಪ್ಪಿಸುತ್ತಾಳೆ. ಪುಸ್ತಕದಲ್ಲಿ ಇಲ್ಲದ ವಾಕ್ಯ ಕೊಟ್ಟರೆ ತಡಬಡಾಯಿಸುತ್ತಾಳೆ. ಮೊನ್ನೆ ‘ನಾಳೆ ಶಾಲೆಗೆ ರಜೆಯಂತೆ’ ಅನ್ನುವುದನ್ನು ಉಪಮಾಲಂಕಾರ ಅಂದಳು! ನಾನು ಓದಿದ್ದು ಕಾಮರ್ಸ್. ಹೇಗೆ ಹೇಳಿಕೊಡಲಿ?
– ಒಬ್ಬ ತಾಯಿ, ಹಿರಿಯೂರು

ಉತ್ತರ: ನಕ್ಕುಬಿಟ್ಟೆ, ಬೇಜಾರು ಮಾಡಿಕೊಳ್ಳಬೇಡಿ. ಮಗಳನ್ನು ಬೈಯಲೂಬೇಡಿ. ‘ಅಂತೆ ಬಂದರೆ ಉಪಮೆ’ ಅಂತ ಅಡ್ಡದಾರಿ ತೋರಿಸಿದವರು ನನ್ನಂಥ ಕನ್ನಡ ಟೀಚರುಗಳೇ.

ನಮ್ಮ ಭಾಷೆಯಲ್ಲಿ ‘ಅಂತೆ’ಗೆ ಒಂದೇ ಕೆಲಸ ಅಲ್ಲ. ‘ರಜೆಯಂತೆ’ ಅಂದರೆ ಯಾರೋ ಹೇಳಿದ ಸುದ್ದಿ. ‘ಹೇಳಿದಂತೆ ಮಾಡು’ ಅಂದರೆ ಹೇಳಿದ ಪ್ರಕಾರ. ‘ಕಮಲದಂತೆ’ ಅಂದಾಗ ಮಾತ್ರ ಹೋಲಿಕೆ, ಅದೇ ಉಪಮೆ. ಆದ್ದರಿಂದ ‘ಅಂತೆ’ಗೆ ಗೆರೆ ಎಳೆಯುವ ಮೊದಲು ಹೋಲಿಸಲು ಎರಡು ವಸ್ತು ಇವೆಯಾ ಅಂತ ನೋಡಲಿ. ರಜೆಯನ್ನು ಯಾವುದಕ್ಕೆ ಹೋಲಿಸಿದರು? ಯಾವುದಕ್ಕೂ ಇಲ್ಲ. ಮುಗೀತು.

ಉಪಮೇಯ, ಉಪಮಾನ ಅದಲುಬದಲಾಗುತ್ತವೆಯೇ? ಅಡುಗೆಮನೆಯ ಪಾವು ತೋರಿಸಿ. ಸಂಸ್ಕೃತದಲ್ಲಿ ‘ಮಾ’ ಎಂದರೆ ಅಳೆಯುವುದು. ಅಳೆಯುವ ಪಾವು ಉಪಮಾನ, ಅಳೆಸಿಕೊಳ್ಳುವ ಅಕ್ಕಿ ಉಪಮೇಯ.

ಇನ್ನು ಪುಸ್ತಕದ ಉದಾಹರಣೆ, ‘ಸೀತೆಯ ಮುಖ ಕಮಲದಂತೆ ಅರಳಿತು’. ನಾನೂ ವರ್ಷಗಟ್ಟಲೆ ಬೋರ್ಡಿನ ಮೇಲೆ ಆ ಕಮಲವನ್ನೇ ಅರಳಿಸಿದೆ. ಮಕ್ಕಳು ಆಕಳಿಸಿದರು. ಆಮೇಲೆ ರೊಟ್ಟಿಗೆ ಇಳಿದೆ. ನಾನು ತಟ್ಟುವ ಅಕ್ಕಿ ರೊಟ್ಟಿ ಆರಿದರೆ ಹಲ್ಲಿಗೆ ಕೆಲಸ. ನಮ್ಮ ಮನೆಯವರ ದೂರು ಮದುವೆಯಷ್ಟೇ ಹಳೆಯದು.

‘ರೊಟ್ಟಿ ಕಲ್ಲಿನ ಹಾಗೆ ಗಟ್ಟಿಯಾಗಿದೆ’ ಅಂದರೆ ಉಪಮೆ. ರೊಟ್ಟಿ ಉಪಮೇಯ, ಕಲ್ಲು ಉಪಮಾನ, ಹೋಲಿಕೆ ತೋರಿಸುವ ‘ಹಾಗೆ’ ವಾಚಕಪದ, ಎರಡರಲ್ಲೂ ಇರುವ ಗಟ್ಟಿತನ ಸಮಾನಧರ್ಮ. ‘ಈ ರೊಟ್ಟಿಯೇ ಕಲ್ಲು, ಸುತ್ತಿಗೆ ಕೊಡು’ ಅಂದರೆ ರೂಪಕ. ಎರಡೂ ಒಂದೇ ಆಗಿಹೋದವು. ‘ಕಾವಲಿಯ ಮೇಲೆ ಕಲ್ಲನ್ನೇ ಬೇಯಿಸಿದಳೋ ಎಂಬಂತಿತ್ತು’ ಅಂದರೆ ಉತ್ಪ್ರೇಕ್ಷೆ. ಇಲ್ಲಿ ‘ಅಂತೆ’ ಇದೆ, ಆದರೆ ಉಪಮೆ ಅಲ್ಲ, ನೋಡಿ! ‘ಇದು ರೊಟ್ಟಿಯೋ ಕಲ್ಲೋ?’ ಅಂದರೆ ಸಂದೇಹಾಲಂಕಾರ.

‘ಇದು ರೊಟ್ಟಿಯಲ್ಲ, ಕಲ್ಲು’ ಅಂದರೆ? ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಇಂಥದ್ದನ್ನು ರೂಪಕ ಅಂತಲೇ ಕಲಿಸಿದ್ದೆ. ಹಿರಿಯ ಸಂಸ್ಕೃತ ಮೇಷ್ಟ್ರೊಬ್ಬರು ಸ್ಟಾಫ್ ರೂಮಿನಲ್ಲಿ ಟೀ ಹೀರುತ್ತಾ, ‘ಅಲ್ಲ ಅಂದಮೇಲೆ ಅದು ಅಪಹ್ನುತಿ ಕಣಮ್ಮಾ’ ಅಂದರು. ಇರುವುದನ್ನು ಮರೆಮಾಚಿ ಇನ್ನೊಂದನ್ನು ಮುಂದೆ ನಿಲ್ಲಿಸುವುದು. ಮಾರನೇ ದಿನ ಕ್ಲಾಸಿನಲ್ಲಿ ತಪ್ಪೊಪ್ಪಿಕೊಂಡೆ. ಕಿವಿ ಬಿಸಿಯಾದದ್ದು ಇನ್ನೂ ನೆನಪಿದೆ. ನಿಮ್ಮ ಮಗಳಿಗೆ ಇದು ಸದ್ಯಕ್ಕೆ ಬೇಡ, ಸುಮ್ನೆ ಹೇಳಿದೆ.

ಉತ್ಪ್ರೇಕ್ಷೆಯಲ್ಲೇ ಮಕ್ಕಳು ಜಾಸ್ತಿ ಎಡವುವುದು. ಕಾರಣ ಮನೆಮಾತು. ‘ಉತ್ಪ್ರೇಕ್ಷೆ ಮಾಡಬೇಡ’ ಅಂತ ನಾವು ಅಂದರೆ ಉಪ್ಪುಖಾರ ಹಚ್ಚಿ ಹೇಳಬೇಡ ಅಂತ ಅರ್ಥ. ಅಲಂಕಾರದ ಉತ್ಪ್ರೇಕ್ಷೆ ಅದಲ್ಲ. ಒಂದನ್ನು ನೋಡಿ ಇನ್ನೊಂದೇನೋ ಅಂತ ಕಲ್ಪಿಸುವುದು. ಹಿಗ್ಗಿಸಿ ಹೇಳುವುದಕ್ಕೆ ಅತಿಶಯೋಕ್ತಿ ಅಂತ ಬೇರೆಯೇ ಇದೆ. ಇದೊಂದನ್ನು ಬಿಡಿಸಿ ಹೇಳಿದರೆ ಅರ್ಧ ಗೊಂದಲ ಹೋಗುತ್ತದೆ.

ಒಂದು ಮಾತಿಗೆ ಇನ್ನೊಂದು ಮಾತು ಪ್ರತಿಬಿಂಬದ ಹಾಗೆ ನಿಲ್ಲುವ ದೃಷ್ಟಾಂತಾಲಂಕಾರಕ್ಕೆ ‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಸಾಕು.

ಇದನ್ನೆಲ್ಲ ಯಾಕೆ ಕಲಿಯಬೇಕು ಅಂತ ಮಗಳು ಕೇಳಿಯೇ ಕೇಳುತ್ತಾಳೆ. ನಮಗೆ ಸಿಕ್ಕಿರುವ ಅತಿ ಹಳೆಯ ಕನ್ನಡ ಗ್ರಂಥ 9ನೇ ಶತಮಾನದ ಕವಿರಾಜಮಾರ್ಗ. ಅದೇ ಅಲಂಕಾರದ ಪಾಠಪುಸ್ತಕ ಅಂತ ಹೇಳಿ. ಅಷ್ಟಕ್ಕೂ ಒಪ್ಪದಿದ್ದರೆ ರಾತ್ರಿ ನಿಮ್ಮ ಸಾರನ್ನು ಮೂರು ಅಲಂಕಾರದಲ್ಲಿ ಬೈಯಲು ಬಿಡಿ.

ಪ್ರಶ್ನೆ: ಪ್ರಾಸ ಸಾಲಿನ ಕೊನೆಯಲ್ಲಿ ಬರುವುದಲ್ವಾ? ಹಳೆಯ ಪದ್ಯಗಳಲ್ಲಿ ಅದು ಕಾಣುವುದೇ ಇಲ್ಲ.
– ಪದವಿ ವಿದ್ಯಾರ್ಥಿ, ಗದಗ

ಉತ್ತರ: ನೀನು ತಪ್ಪು ಜಾಗದಲ್ಲಿ ಹುಡುಕುತ್ತಿದ್ದೀಯಪ್ಪ. ಸಿನಿಮಾ ಹಾಡು ಕೇಳಿದ ಕಿವಿ ಸಾಲಿನ ಕೊನೆಗೆ ಓಡುತ್ತದೆ. ಅದು ಅಂತ್ಯಪ್ರಾಸ. ಹಳೆಯ ಕನ್ನಡ ಪದ್ಯದಲ್ಲಿ ಪ್ರತಿ ಸಾಲಿನ ಎರಡನೇ ಅಕ್ಷರ ನೋಡು. ಅಲ್ಲಿ ಒಂದೇ ವ್ಯಂಜನ ಬರುತ್ತದೆ, ಸ್ವರ ಬದಲಾಗಬಹುದು. ಕಳೆದ ಶತಮಾನದ ಆರಂಭದಲ್ಲಿ ಮಂಜೇಶ್ವರದ ಕವಿ ಗೋವಿಂದ ಪೈ ಈ ಪ್ರಾಸ ಬಿಟ್ಟು ಪದ್ಯ ಬರೆದಾಗ ದೊಡ್ಡ ಚರ್ಚೆಯೇ ಆಯಿತು. ಹಳಬರು ಈ ಎರಡನೇ ಅಕ್ಷರದ ಪ್ರಾಸದಲ್ಲಿ ಆರು ಬಗೆ ಮಾಡಿ ಸಿಂಹ, ಗಜ ಅಂತ ಹೆಸರಿಟ್ಟಿದ್ದರು. ನಾಲ್ಕು ಸಾಲುಗಳು ‘ಬೆಲ್ಲ’, ‘ಹಲ್ಲು’, ‘ಎಲ್ಲಿ’, ‘ಮೆಲ್ಲ’ ಅಂತ ಶುರುವಾದರೆ ಅಲ್ಲಿರುವುದು ಒತ್ತಕ್ಷರದ ‘ಲ್ಲ’. ಅದು ಹಯಪ್ರಾಸ, ಅಂದರೆ ಕುದುರೆ.