ಫೆರಿಷ್ತಾನನ್ನು ಎಷ್ಟು ನಂಬಬೇಕು?

ಮಾನ್ಯರೇ,

ಬಹಮನಿ ಮತ್ತು ವಿಜಯನಗರಗಳ ಯುದ್ಧಗಳನ್ನು ಕುರಿತ ನಮ್ಮ ಲೇಖನವು ಪಾರಸಿ ಚರಿತ್ರೆಕಾರ ಫೆರಿಷ್ತಾನನ್ನು ಆಧರಿಸಿದ್ದಕ್ಕೆ ತಾವು ಆಕ್ಷೇಪಿಸಿದ್ದೀರಿ. ವಿಜಾಪುರದ ಸುಲ್ತಾನನ ಅನ್ನ ಉಂಡವನು ವಿಜಯನಗರದ ವಿಷಯದಲ್ಲಿ ನಿಜ ಬರೆದಾನೆಯೇ ಎಂದು ಕೇಳಿದ್ದೀರಿ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಅವನ ತಪ್ಪುಗಳಿಗೆಲ್ಲ ಅನ್ನದ ಋಣವೇ ಕಾರಣವೆಂದು ನನಗೆ ತೋರುವುದಿಲ್ಲ.

ಮುಹಮ್ಮದ್ ಕಾಸಿಂ ಫೆರಿಷ್ತಾ ಹುಟ್ಟಿದ್ದು ಕ್ಯಾಸ್ಪಿಯನ್ ಸಮುದ್ರದ ಬಳಿಯ ಅಸ್ತರಾಬಾದಿನಲ್ಲಿ. ಬಾಲ್ಯದಲ್ಲೇ ತಂದೆಯೊಂದಿಗೆ ಅಹ್ಮದನಗರಕ್ಕೆ ಬಂದು, ನಿಜಾಮಶಾಹಿ ರಾಜಕುಮಾರ ಮೀರಾನ್ ಹುಸೇನನ ಸಹಪಾಠಿಯಾದನು. ಅದೇ ರಾಜಕುಮಾರನು 1588ರಲ್ಲಿ ತನ್ನ ತಂದೆ ಮುರ್ತಜಾನನ್ನು ಕೊಂದು ಪಟ್ಟವೇರಿದಾಗ, ಅರಮನೆಯ ಕಾವಲಿನಲ್ಲಿದ್ದ ಫೆರಿಷ್ತಾನ ಜೀವ ಉಳಿದದ್ದು ಆ ಹಳೆಯ ಒಡನಾಟದಿಂದ. ಮರುವರ್ಷ ವಿಜಾಪುರ ಸೇರಿದ ಅವನು, ಎರಡನೆಯ ಇಬ್ರಾಹಿಂ ಆದಿಲಶಾಹನ ಆಶ್ರಯದಲ್ಲಿ ಬರೆದ ಚರಿತ್ರೆಯನ್ನು 1606ರಲ್ಲಿ ಒಪ್ಪಿಸಿ, ಆಮೇಲೂ ತಿದ್ದುತ್ತಲೇ ಇದ್ದನು. ಅದು ಒಡೆಯನೊಬ್ಬನ ಪ್ರಶಸ್ತಿಯಲ್ಲ. ದೆಹಲಿ, ಗುಜರಾತ, ಬಂಗಾಳ, ಕಾಶ್ಮೀರ, ಮಲಬಾರುಗಳವರೆಗೂ ಹರಡಿಕೊಂಡ ಗ್ರಂಥ. ತಾನು ಬಳಸಿದ ಹಿಂದಿನ ಕೃತಿಗಳನ್ನೂ ಅವನು ಹೆಸರಿಸಿದ್ದಾನೆ.

ನಾವು ನೋಡಬೇಕಾದದ್ದು ಇಲ್ಲಿಯೇ. ಮುದ್ಗಲ್ಲಿಗಾಗಿ ಬಹಮನಿ ಸುಲ್ತಾನ ಒಂದನೆಯ ಮುಹಮ್ಮದ್ ಶಾಹನಿಗೂ ವಿಜಯನಗರದ ಬುಕ್ಕರಾಯನಿಗೂ ಯುದ್ಧ ನಡೆದದ್ದು ಸುಮಾರು 1366ರಲ್ಲಿ, ಎಂದರೆ ಫೆರಿಷ್ತಾ ಹುಟ್ಟುವುದಕ್ಕೆ ಎರಡು ಶತಮಾನಗಳ ಹಿಂದೆ. ಅದಕ್ಕೆ ಅವನು ನೆಚ್ಚಿಕೊಂಡದ್ದು ಬಹಮನಿ ಆಸ್ಥಾನದ ಮುಲ್ಲಾ ದಾವೂದ್ ಬೀದರಿಯ ಕೃತಿಯನ್ನು. ಅದು ಇಂದು ಉಳಿದಿಲ್ಲ. ಐದು ಲಕ್ಷ ಜನ ಹತರಾದರೆಂಬ ಮಾತು ಗೆದ್ದವರ ಆಸ್ಥಾನದ ಹೆಮ್ಮೆಯ ಲೆಕ್ಕವೇ ಸರಿ, ಅದನ್ನು ನಾವು ಒಪ್ಪಿಲ್ಲ. ಆದರೆ ಅವನು ಬುಕ್ಕನನ್ನು ಕಿಶನ್ ರಾಯನೆಂದು ಕರೆಯುವುದರಿಂದಾಗಲಿ, ನಾಣ್ಯಗಳಲ್ಲಿ ಮುಹಮ್ಮದ್ ಎಂದಿರುವ ಐದನೆಯ ಬಹಮನಿ ಸುಲ್ತಾನನನ್ನು ಮಹಮೂದನೆನ್ನುವುದರಿಂದಾಗಲಿ ವಿಜಾಪುರದ ದೊರೆಗೆ ಯಾವ ಲಾಭವಿತ್ತು? ಇವು ದೂರದ ಕಾಲವನ್ನು ಪರರ ಬರಹದಿಂದ ಕಂಡವನ ತಪ್ಪುಗಳು. ಕಣ್ಣಾರೆ ಕಂಡದ್ದರ ತೂಕ ಬೇರೆ: ಮುರ್ತಜಾನ ಕೊನೆಯ ದಿನಗಳ ವಿಷಯದಲ್ಲಿ ಅವನ ಮಾತನ್ನು ಸುಲಭವಾಗಿ ತಳ್ಳಿಹಾಕಲಾಗದು. ಇಬ್ರಾಹಿಮನ ಮಗಳನ್ನು ಅಕ್ಬರನ ಮಗ ದಾನಿಯಾಲನಿಗೆ ಮದುವೆ ಮಾಡಿಕೊಟ್ಟಾಗ ವಧುವಿನ ಜೊತೆ ಹೋದವರಲ್ಲಿಯೂ ಅವನಿದ್ದನು.

ಮುದ್ಗಲ್ಲಿನ ಪ್ರಸಂಗದಲ್ಲಿಯೇ ಇನ್ನೊಂದನ್ನು ತಾವು ಗಮನಿಸಬೇಕು. ಲಕ್ಷ ಜನರನ್ನು ಕೊಲ್ಲುವವರೆಗೂ ಕತ್ತಿಯನ್ನು ಒರೆಗೆ ಸೇರಿಸೆನೆಂದು ಸುಲ್ತಾನನು ಆಣೆಯಿಟ್ಟನೆಂದು ಬರೆದ ಫೆರಿಷ್ತಾನೇ, ನಿರಪರಾಧಿಗಳನ್ನು ಕೊಲ್ಲುವುದು ಧರ್ಮವಲ್ಲವೆಂದು ಸಂಧಿಗೆ ಬಂದ ವಿಜಯನಗರದ ರಾಯಭಾರಿಗಳು ವಾದಿಸಿದ್ದನ್ನೂ, ಸುಲ್ತಾನನು ಅದಕ್ಕೆ ಮಣಿದು ಮುಂದೆ ಹಾಗೆ ಮಾಡೆನೆಂದು ಮಾತು ಕೊಟ್ಟದ್ದನ್ನೂ ದಾಖಲಿಸಿದ್ದಾನೆ. ಎದುರು ಪಕ್ಷದ ವಾದಕ್ಕೆ ತನ್ನ ಪುಟದಲ್ಲಿ ಇಷ್ಟು ಜಾಗ ಕೊಟ್ಟವನನ್ನು ಹೊಗಳುಭಟ್ಟನೆಂದು ಬದಿಗಿಡಲು ನಾನು ಒಪ್ಪಲಾರೆ. ನಮ್ಮ ಲೇಖಕರು ಅವನಿಂದ ಮುಖ್ಯವಾಗಿ ಎತ್ತಿಕೊಂಡದ್ದು ಈ ಸಂಧಿಯ ಭಾಗವನ್ನೇ.

— ಸಂಪಾದಕ