ಗದಗಿನ ಸಭೆಯಲ್ಲಿ 25 ನಿಮಿಷದ ಪ್ರಸಂಗ: ಯಾವ ಪುಸ್ತಕ ಮೊದಲು?

ಬೆಟಗೇರಿಯ ಕ್ರೈಸ್ತ ಸಭೆಯಲ್ಲಿ ತಿಂಗಳಿಗೊಮ್ಮೆ 25 ನಿಮಿಷದ ಪ್ರಸಂಗ, ಅಂದರೆ ಬೈಬಲ್ ಉಪದೇಶ, ನಿಮ್ಮ ಪಾಲಿಗೆ ಬಂದಿದೆ. ಪ್ರಸಂಗಕಲೆಯ ಲೇಖಕರಾದ ಸ್ಟಾಟ್, ಲಾಯ್ಡ್-ಜೋನ್ಸ್, ರಾಬಿನ್ಸನ್ ಮೂವರಲ್ಲಿ ಯಾರನ್ನು ಮೊದಲು ಓದಲಿ ಅಂತ ಕೇಳಿದ್ದೀರಿ. ರಾಬಿನ್ಸನ್. ಬರುವ ಭಾನುವಾರಕ್ಕೇ ಉಪಯೋಗಕ್ಕೆ ಬರುವುದು ಅವರೊಬ್ಬರೇ.

ಹ್ಯಾಡನ್ ರಾಬಿನ್ಸನ್ ಅವರ 'ಬಿಬ್ಲಿಕಲ್ ಪ್ರೀಚಿಂಗ್' (1980) ಎರಡು ಪ್ರಶ್ನೆಗಳ ಮೇಲೆ ನಿಂತಿದೆ. ಬೈಬಲಿನ ಈ ಭಾಗ ಯಾವುದರ ಬಗ್ಗೆ ಮಾತಾಡುತ್ತಿದೆ? ಅದರ ಬಗ್ಗೆ ಏನು ಹೇಳುತ್ತಿದೆ? ಮೊದಲನೆಯದನ್ನು ಪ್ರಶ್ನೆಯಾಗಿಯೇ ಬರೆದುಕೊಳ್ಳಿ, ಎರಡನೆಯದು ಅದರ ಉತ್ತರ. ಎರಡನ್ನೂ ಕೂಡಿಸಿದರೆ ಒಂದು ವಾಕ್ಯ. ಆ ವಾಕ್ಯ ಕೈಗೆ ಸಿಗುವವರೆಗೆ ದೃಷ್ಟಾಂತ ಹುಡುಕಲು ಹೋಗಬೇಡಿ.

ಫಿಲಿಪ್ಪಿಯವರಿಗೆ ಪೌಲ ಬರೆದ ಪತ್ರಿಕೆಯ 4:13 ನೋಡಿ: ನನ್ನನ್ನು ಬಲಪಡಿಸುವಾತನಿಂದ ನಾನು ಎಲ್ಲಕ್ಕೂ ಶಕ್ತನು ಅನ್ನುವ ಮಾತು. ಕ್ಯಾಲೆಂಡರ್ ಮೇಲೆ, ಆಟೊ ಹಿಂದೆ ಇರುವ ವಚನ. ಎಸ್ಸೆಸ್ಸೆಲ್ಸಿ ಮಕ್ಕಳಿಗೆ 'ನೀವು ಏನು ಬೇಕಾದರೂ ಮಾಡಬಲ್ಲಿರಿ' ಅಂತ ಹೇಳಲು ಬಳಸುತ್ತಾರೆ. ಆದರೆ ಪೌಲ ಸೆರೆಯಲ್ಲಿದ್ದು, ಫಿಲಿಪ್ಪಿಯವರು ಎಪಫ್ರೊದೀತನ ಕೈಯಲ್ಲಿ ಕಳಿಸಿದ ನೆರವಿಗೆ ಕೃತಜ್ಞತೆ ಹೇಳುತ್ತಿದ್ದಾನೆ. 11 ಮತ್ತು 12ನೇ ವಚನಗಳಲ್ಲಿ ಇರುವುದು ಹಸಿವು, ಹೊಟ್ಟೆತುಂಬ ಊಟ, ಕೊರತೆ, ಸಮೃದ್ಧಿ. ಅಲ್ಲಿ 'ತೃಪ್ತಿ'ಗೆ ಬಳಸಿರುವ ಗ್ರೀಕ್ ಪದ ಸ್ತೋಯಿಕರೆಂಬ ಗ್ರೀಕ್ ತತ್ವಜ್ಞಾನಿಗಳದು: ಯಾರ ಹಂಗೂ ಇಲ್ಲದವನು ಅಂತ. ಪೌಲ ಅದನ್ನೇ ಎತ್ತಿಕೊಂಡು, ಬಲ ತನ್ನದಲ್ಲ ಅನ್ನುತ್ತಾನೆ. ಈಗ ಪ್ರಶ್ನೆ: ಇದ್ದಾಗಲೂ ಇಲ್ಲದಾಗಲೂ ತೃಪ್ತಿ ಎಲ್ಲಿಂದ? ಉತ್ತರ: ಕ್ರಿಸ್ತನ ಬಲದಿಂದ, ಅದೂ ಕಲಿತು ಬಂದದ್ದು. ಉಳ್ಳಾಗಡ್ಡಿ ರೇಟು ಬಿದ್ದ ವರ್ಷ ಕೂತು ಕೇಳುವವರಿಗೆ ಇದು ನೇರ ತಟ್ಟುತ್ತದೆ. ಒಳ್ಳೆಯ ರೇಟು ಬಂದ ವರ್ಷಕ್ಕೂ ಹೇಳಿ, ಅರ್ಧ ವಚನ ಅದೇ.

ಸ್ಟಾಟ್ ಅವರ 'ಬಿಟ್ವೀನ್ ಟು ವರ್ಲ್ಡ್ಸ್' (1982) ಆಮೇಲೆ ಓದಿ. 'ಐ ಬಿಲೀವ್ ಇನ್ ಪ್ರೀಚಿಂಗ್' ಅಂತ ಸಿಗುವುದೂ ಅದೇ ಪುಸ್ತಕ, ಎರಡಕ್ಕೂ ದುಡ್ಡು ಹಾಕಬೇಡಿ. ಪ್ರಸಂಗ ಅಂದರೆ ಬೈಬಲಿನ ಕಾಲಕ್ಕೂ ನಮ್ಮ ಕಾಲಕ್ಕೂ ನಡುವೆ ಕಟ್ಟುವ ಸೇತುವೆ ಅನ್ನುವುದು ಅವರ ವಾದ. ನಮ್ಮಲ್ಲಿ ಹೆಚ್ಚಿನವರು ಒಂದೇ ದಂಡೆಯಲ್ಲಿ ನಿಂತುಬಿಡುತ್ತಾರೆ.

ಲಾಯ್ಡ್-ಜೋನ್ಸ್ ಅವರನ್ನು ಹುರುಪಿಗೆ ಓದಿ, ಅನುಕರಿಸಬೇಡಿ. ಅವರು ಲಂಡನ್ನಿನಲ್ಲಿ ಶುಕ್ರವಾರ ಸಂಜೆಗಳಲ್ಲಿ ರೋಮಾಪುರದವರಿಗೆ ಬರೆದ ಪತ್ರಿಕೆಯನ್ನು 1955ರಿಂದ 1968ರವರೆಗೆ ವಿವರಿಸಿದರು, ಮುಟ್ಟಿದ್ದು 14:17. ತಿಂಗಳಿಗೊಂದು ಭಾನುವಾರ ಸಿಗುವವರಿಗೆ ಆ ಲೆಕ್ಕ ಕೂಡದು.

ಈ ಪುಸ್ತಕಗಳಲ್ಲಿ ಇಲ್ಲದ ತೊಡಕೆಂದರೆ ಕನ್ನಡ. ಇಂಗ್ಲಿಷಿನಲ್ಲಿ ಒಂದೇ ಅಕ್ಷರದಿಂದ ಶುರುವಾಗುವ ಮೂರು ಅಂಶಗಳು ಚೆಂದ ಕೇಳಿಸುತ್ತವೆ. ಅನುವಾದಿಸಿದರೆ ಪ್ರಾಸವೂ ಹೋಗಿ ಅರ್ಥವೂ ಸೊಟ್ಟಗಾಗುತ್ತದೆ, ಅದನ್ನು ಬಿಡಿ. ಉದ್ದ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುವಷ್ಟರಲ್ಲಿ ಕೇಳುಗ ಕರ್ತೃವನ್ನೇ ಮರೆತಿರುತ್ತಾನೆ, ಒಡೆದು ಹೇಳಿ. 'ಪಾಪ' ಅಂದರೆ ಹೊಸಬರ ಕಿವಿಗೆ 'ಅಯ್ಯೋ ಪಾಪ' ಅಂತಲೇ ಬೀಳಬಹುದು, ಒಮ್ಮೆ ಬಿಡಿಸಿ ಹೇಳಿ. ಧಾರವಾಡದ ಕಡೆ 'ವಚನ' ಅಂದರೆ ಮೊದಲು ನೆನಪಾಗುವುದು ಬಸವಣ್ಣ, ಅದೂ ದ್ಯಾಸದಲ್ಲಿರಲಿ.

ಶನಿವಾರ ಗಟ್ಟಿಯಾಗಿ ಓದಿ, ಗಡಿಯಾರ ಇಟ್ಟುಕೊಂಡು. ಪೀಠಿಕೆಗೆ ಮೂರು ನಿಮಿಷ, ಬೈಬಲ್ ಭಾಗದ ವಿವರಣೆಗೆ ಹದಿನೇಳು, ಅದನ್ನು ಕೇಳುಗರ ಬದುಕಿಗೆ ಹೊಂದಿಸುವ ಅನ್ವಯಕ್ಕೆ ಐದು. ಹೆಚ್ಚಾದರೆ ಮೊದಲು ಕತ್ತರಿಸಬೇಕಾದದ್ದು ಪೀಠಿಕೆ. ಸಾಮಾನ್ಯವಾಗಿ ಬಲಿಯಾಗುವುದು ಮಾತ್ರ ಅನ್ವಯ.